ಕಾರಣ ಬರೆಯದ ಚೀಟಿ

ಇವತ್ತು ಬೆಳಿಗ್ಗೆ ಕಪ್ಪಿನಿಂದ ಬಸಿಗೆ ಚೆಲ್ಲಿದ ಚಹಾವನ್ನೇ ಮೊದಲು ಕುಡಿದು ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತರೆ, ಒಂದು ತೇಪೆ ಕೂರುತ್ತಿಲ್ಲ ಎಂದು ಪರದೆ ದೂರು ಹೇಳಿತು. ನಗಬೇಡಿ, ಇದು ಪಂಚೆಗೆ ಹಾಕುವ ತೇಪೆಯಲ್ಲ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೆ ಹಿಡಿದ ಹುಚ್ಚು. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬಳಸುವವರಿಗೆ ಪ್ರೋಗ್ರಾಮುಗಳನ್ನು ಸಿದ್ಧಮಾಡಿ ಕೊಡುವ ಗುಂಪಿನಲ್ಲಿ ನಾನೂ ಒಬ್ಬ. ಯಾರೋ ಬರೆದ ಪ್ರೋಗ್ರಾಮಿನ ಮೂಲವನ್ನು ನಾವು ಮುಟ್ಟುವುದಿಲ್ಲ. ನಮಗೆ ಬೇಕಾದ ತಿದ್ದುಪಡಿಗಳನ್ನು ಬೇರೆಯಾಗಿ, ತೇಪೆಗಳಾಗಿ ಇಟ್ಟುಕೊಂಡು ಒಂದಾದ ಮೇಲೊಂದರಂತೆ ಹಚ್ಚುತ್ತೇವೆ. ಮೂಲದ ಹೊಸ ಆವೃತ್ತಿ ಬಂದಾಗ ಎಲ್ಲವನ್ನೂ ಮತ್ತೆ ಕೂರಿಸಬೇಕು.

ಇವತ್ತು ಹಟ ಹಿಡಿದ ತೇಪೆ ಪುಸ್ತಕ ಓದುವ ಪ್ರೋಗ್ರಾಮಿನದು. ಒಂದೇ ಗುಂಡಿಯನ್ನು ಪಟಪಟನೆ ಎರಡು ಸಲ ಒತ್ತಿದರೆ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುತ್ತದೆ, ಅಷ್ಟೇ. ಯಾಕೆಂದು ಬರೆದಿಲ್ಲ. ಅದನ್ನು ಮೊದಲು ಹಚ್ಚಿದವರು ತೀರಿಕೊಂಡಿದ್ದಾರೆ. ಕಿತ್ತು ಬಿಸಾಡೋಣ ಎನ್ನುವಷ್ಟರಲ್ಲಿ ಪಂಪಣ್ಣ ಮಾಸ್ತರರು ನೆನಪಾದರು.

ಎಪ್ಪತ್ತರ ದಶಕದ ಕೊನೆ. ನಾನು ಕುರುಗೋಡಿನ ಶಾಲೆಗೆ ಹೊಸಬ. ಊರವರಿಗೆ ನಾಟಕ ಕಲಿಸಲು ಪಂಪಣ್ಣ ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸಿನಲ್ಲಿ ಬರುತ್ತಿದ್ದರು. ನನಗೆ ಮಂತ್ರಿಯ ಪಾತ್ರ. ಮಾತು ಮೂರೇ, ಅದರಲ್ಲಿ ಎರಡು "ಅಪ್ಪಣೆ, ಪ್ರಭು".

ಮಾಸ್ತರರ ಬಳಿ ಅಚ್ಚಾದ ಪುಸ್ತಕ ಒಂದೇ, ಊರುಗಳು ಹತ್ತಾರು. ಒಂದೂರಲ್ಲಿ ಗೌಡರ ಅಳಿಯನಿಗೂ ಪಾತ್ರ ಬೇಕು, ಗಡಿಯ ಊರಾದರೆ ಹಾಸ್ಯದವನು ತೆಲುಗು ಮಾತಾಡಬೇಕು. ಇಂಥ ಬದಲಾವಣೆಗಳನ್ನೆಲ್ಲ ಅವರು ಚೀಟಿಗಳಲ್ಲಿ ಬರೆದು ಗುಂಡುಸೂಜಿಯಿಂದ ಪುಟಕ್ಕೆ ಚುಚ್ಚುತ್ತಿದ್ದರು. ಹಿಂಬದಿಯಲ್ಲಿ ಊರಿನ ಹೆಸರು, ಕಾರಣ: "ಮೋಕ. ಸೇನಾಪತಿಗೆ ಮುಂದಿನ ಹಲ್ಲಿಲ್ಲ, ಮಾತು ಕಡಿಮೆ ಮಾಡಿದೆ." ನಾಟಕ ಮುಗಿದ ಮೇಲೆ ಸೂಜಿ ಬಿಚ್ಚಿದರೆ ಪುಸ್ತಕ ಮತ್ತೆ ಹೊಸದು. ನಾನೊಮ್ಮೆ ಪೆನ್ನು ತೆಗೆದಾಗ ಗದರಿದ್ದರು.

"ಬುಕ್ಕಿಗೆ ಪೆನ್ನು ಹಚ್ಚಬ್ಯಾಡ್ರಿ ಸರ! ಈ ಊರಿಗೆ ತಿದ್ದಿದ್ದು ಮುಂದಿನ ಊರಿಗೆ ಯಾಕ ಬೇಕ್ರಿ?"

ಆ ವರ್ಷ ಪುಸ್ತಕದ ಹೊಸ ಮುದ್ರಣ ಬಂತು. ಪ್ರಕಾಶಕರು ಎರಡು ದೃಶ್ಯಗಳನ್ನು ಒಂದು ಮಾಡಿದ್ದರು. ಕುರುಗೋಡಿನ ಚೀಟಿಗಳಿಗೆಲ್ಲ ಮಾಸ್ತರರು ಹೊಸ ಜಾಗ ಹುಡುಕಿದರು. ಉಳಿದದ್ದು ಒಂದು: "ಇಲ್ಲಿ ಸೇವಕ ಪೀಠ ತರುವುದು. ರಾಜ ಕುಳಿತು ವಿಲಾಪಿಸುವುದು." ಹಿಂಬದಿ ಖಾಲಿ. ಅಕ್ಷರ ಅವರ ಗುರುಗಳದು, ಅವರೋ ಆಗಲೇ ತೀರಿಕೊಂಡಿದ್ದರು.

"ತಗದು ಒಗೀರಿ ಮಾಸ್ತರ. ರಾಜ ನಿಂತು ಅತ್ತರ ಗತ್ತು," ಎಂದೆವು ನಾವು ಎಳೆಯರು.

"ಕಾರಣ ಬರದಿಲ್ಲ ಅಂದ್ರ ಕಾರಣ ಇಲ್ಲ ಅಂತೇನಲ್ಲ. ಒಮ್ಮಿ ತಗದು ಆಡಿ ನೋಡೂಣು."

ರಾಜನ ಪಾತ್ರ ಪ್ರತಿವರ್ಷ ಹತ್ತಿ ವ್ಯಾಪಾರಿ ಸಿದ್ದಲಿಂಗಪ್ಪನವರದೇ. ಅವರು ಚೀಟಿಯನ್ನೇ ನೋಡುತ್ತ ಕುಳಿತಿದ್ದರು. ತಾಲೀಮಿನಲ್ಲಿ ವಿಲಾಪ ಅರ್ಧಕ್ಕೆ ಬಂದಾಗ ನನ್ನ ಹೆಗಲು ಹಿಡಿದುಕೊಂಡರು. ಅಭಿನಯವೆಂದು ತಿಳಿದು ನಾನು ಜೋರಾಗಿ "ಅಪ್ಪಣೆ, ಪ್ರಭು" ಎಂದೆ. ಹಿಡಿತ ಬಿಗಿಯಾಗುತ್ತ ಹೋಗಿ ರಾಜ, ಮಂತ್ರಿ ಇಬ್ಬರೂ ನೆಲಕ್ಕೆ ಕುಳಿತೆವು. ಎಲ್ಲರೂ ನಕ್ಕರು.

ಜನ ಹೋಗಿ ನಾವು ಮೂವರೇ ಉಳಿದ ಮೇಲೆ ಸಿದ್ದಲಿಂಗಪ್ಪನವರು ಮೊಣಕಾಲು ಒತ್ತಿಕೊಳ್ಳುತ್ತ ಹೇಳಿದರು: "ಭಾಳ ಹೊತ್ತು ನಿಂತ್ರ ಕಾಲು ಹಿಡೀತೈತ್ರಿ ಮಾಸ್ತರ. ಚೀಟಿ ಹಚ್ರಿ, ಕಾರಣ ಮಾತ್ರ ಬರೀಬ್ಯಾಡ್ರಿ ಅಂತ ಹಳೇ ಮಾಸ್ತರಿಗೆ ನಾನ ಕೈಮುಗ್ದಿದ್ದೆ. ಊರಿಗೆ ಗೊತ್ತಾದ್ರ ಕಿರೀಟ ಇನ್ನೊಬ್ಬನ ತಲಿಗೆ ಹೋಗತೈತಿ." ದೊಡ್ಡ ಮನುಷ್ಯ, ಕಣ್ಣಲ್ಲಿ ನೀರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮಾಸ್ತರರು ಪುಸ್ತಕ ತೆರೆದರು. ಹೊಸ ಪುಟದಲ್ಲಿ ಜಾಗ ಹುಡುಕಿ ಚೀಟಿ ಚುಚ್ಚಿದರು. ಚುಚ್ಚುವ ಮೊದಲು ಹಿಂಬದಿಯಲ್ಲಿ ಬರೆದರು: "ರಾಜ ಕುಳಿತು ಅತ್ತರೆ ಪೀಠಕ್ಕೆ ಶೋಭೆ." ಆಮೇಲೆ ನನ್ನ ಕಡೆ ತಿರುಗಿ, "ಮಂತ್ರಿಗಳು ಬಾಯಿ ಮುಚ್ಚಿಕೊಂಡಿರಬೇಕ್ರಿ," ಎಂದರು.

"ಅಪ್ಪಣೆ, ಪ್ರಭು," ಎಂದೆ. ಆ ಮಾತನ್ನು ನಾನು ಸರಿಯಾಗಿ ಹೇಳಿದ್ದು ಅದೊಂದೇ ಸಲ. ಆ ವರ್ಷವೂ ಕಿರೀಟ ಸಿದ್ದಲಿಂಗಪ್ಪನವರ ತಲೆಯ ಮೇಲೇ ಇತ್ತು.

ಹಾಗಾಗಿ ಇವತ್ತು ನಾನೂ ತೇಪೆಯನ್ನು ಬಿಸಾಡದೆ, ಒಮ್ಮೆ ತೆಗೆದು ನೋಡಿದೆ. ಪುಸ್ತಕವೊಂದನ್ನು ತೆರೆದು, ಗುಂಡಿ ಒತ್ತಿ ಪುಟ ತಿರುಗಿಸಿದರೆ ಎರಡು ಪುಟ ಹಾರಿತು. ಹಿಂದಕ್ಕೆ ಒತ್ತಿದೆ, ಮತ್ತೆ ಎರಡು. ಪ್ರೋಗ್ರಾಮು ಕೆಟ್ಟಿದೆ ಎಂದು ಬೈದೆ. ಆಮೇಲೆ ಗುಂಡಿಯ ಮೇಲಿದ್ದ ನನ್ನ ಬೆರಳನ್ನು ನೋಡಿದೆ. ಚಹಾ ಚೆಲ್ಲುವುದು ಕಪ್ಪಿನ ತಪ್ಪೆಂದೇ ಇಷ್ಟು ದಿನ ನಂಬಿಕೊಂಡು ಬಂದಿದ್ದೆ.

ತೇಪೆಯನ್ನು ಹೊಸ ಮೂಲಕ್ಕೆ ಕೂರಿಸಿದೆ. ಕಾರಣದ ಜಾಗದಲ್ಲಿ ಮೊದಲು "ಓದಿಗೆ ಶೋಭೆ" ಎಂದು ಬರೆದೆ. ನನಗೆ ಕಳೆದುಕೊಳ್ಳಲು ಯಾವ ಕಿರೀಟವಿದೆ ಅನ್ನಿಸಿ, ಅಳಿಸಿ ಮತ್ತೆ ಬರೆದೆ: "ನಡುಗುವ ಕೈಗಳಿಗಾಗಿ. ಮೊದಲು ಹಚ್ಚಿದವರದು ನಡುಗುತ್ತಿತ್ತೋ ಗೊತ್ತಿಲ್ಲ. ನನ್ನದು ನಡುಗುತ್ತದೆ."