ರೈಲಿಗೆಂದು ಹೊಲಿದ ಪುಸ್ತಕಗಳು

ಚಿನ್ನದ ಗಣಿಯ ನಂದಿದುರ್ಗದ ಲೈನ್ ಮನೆಗೆ ಬಂದ ಮರುದಿನ ಬೆಳಿಗ್ಗೆ ಯಾರೋ ಸೀನಿದರು. ನಿಮ್ಮಲ್ಲೊಬ್ಬರು ಎಂದುಕೊಂಡು ಒಲೆಯ ಮುಂದಿನಿಂದಲೇ "ನೂರ್ ವರ್ಷ ಬಾಳು" ಎಂದೆ. ಗೋಡೆಯಾಚೆಯಿಂದ ಗಂಡಸೊಬ್ಬರ ನಗು ಬಂತು, ಜೊತೆಗೆ ತಮಿಳಿನಲ್ಲಿ ಏನೋ ಮಾತು. ನೀವಿಬ್ಬರೂ ಇನ್ನೂ ಮಲಗಿದ್ದಿರಿ, ಮಕ್ಕಳೇ. ನಾನು ನಾಚಿ ಬಾಯಿಗೆ ಸೆರಗು ಒತ್ತಿಕೊಂಡೆ.

ಕಾಮಸಮುದ್ರದ ಹತ್ತಿರದ ನಮ್ಮ ಊರಿಗೂ ಇಲ್ಲಿಗೂ ಬಸ್ಸಿನ ದಾರಿ ದೊಡ್ಡದೇನಲ್ಲ. ಆದರೆ ಅಲ್ಲಿ ಎರಡು ಮನೆಗಳ ನಡುವೆ ಕೊಟ್ಟಿಗೆ, ಹುಣಸೆಮರ. ಇಲ್ಲಿ ಗಣಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳು, ಇಬ್ಬರಿಗೂ ಒಂದೇ ಗೋಡೆ. ನಲ್ಲಿಯಲ್ಲಿ ನೀರು ಬಂದಾಗ 'ತಣ್ಣಿ ವಂದಾಚ್ಚು' ಎಂದು ಕೂಗುತ್ತಿದ್ದರು. ಅದು ನೀರಿನ ಸುದ್ದಿ ಎಂದು ತಿಳಿಯದೆ ಬಾಗಿಲಲ್ಲೇ ನಿಂತಿರುತ್ತಿದ್ದೆ. ನಿಮ್ಮ ತಾತ ಹೋದಮೇಲೆ ಅಷ್ಟು ಒಂಟಿ ಅನ್ನಿಸಿದ್ದು ಆಗಲೇ.

ನಾನು ಬಂದದ್ದು ನಿಮ್ಮಮ್ಮ ನಾಗವೇಣಿ ಪರೀಕ್ಷೆಗೆ ಓದುವಾಗ ನಿಮ್ಮನ್ನು ನೋಡಿಕೊಳ್ಳಲು. ನಿಮ್ಮಪ್ಪ ಲಾರಿ ಓಡಿಸುತ್ತಾ ಹೊರಗೇ ಇರುತ್ತಿದ್ದರು. ಅವಳಿಗೆ ಬೆಂಗಳೂರಿನ ವಿಮಾ ಕಚೇರಿಯಲ್ಲಿ ಕೆಲಸ. ಅಲ್ಲಿ ಮೇಲೇರಬೇಕಾದರೆ ಆಕ್ಚುಯರಿ ಪರೀಕ್ಷೆಗಳು, ಸಾವು ಬದುಕಿನ ಲೆಕ್ಕದವು, ಒಂದಾದ ಮೇಲೊಂದು.

"ಮನುಷ್ಯ ಯಾವಾಗ ಓಗ್ತಾನೆ ಅಂತ ಲೆಕ್ಕ ಆಕ್ತೀಯೇನೇ?" ಎಂದೆ.

"ಯಾರು ಅಂತ ಅಲ್ಲಮ್ಮ, ಸಾವಿರ ಜನ್ರಾಗೆ ಎಷ್ಟು ಜನ ಅಂತ. ಆಗ ಉಳ್ದೋರಿಗೆ ಎಷ್ಟು ಎತ್ತಿಡ್ಬೇಕೋ ಗೊತ್ತಾಗ್ತೈತೆ."

ಉಳಿದವಳು ನಾನು.

ಒಂದು ಸಲ ಫೇಲಾಗಿದ್ದಳು. "ಈ ಸಲಾನೂ ಫೇಲಾದ್ರೆ ಬಿಟ್ಬಿಡ್ತೀನಮ್ಮ" ಎಂದಿದ್ದಳು. ಹಿಡಿದದ್ದನ್ನು ಬಿಡುವ ಹುಡುಗಿಯಲ್ಲ ಅವಳು. ಅಂಥವಳು ಹಾಗೆಂದದ್ದಕ್ಕೇ ನನಗೆ ಹೆದರಿಕೆ.

ಗೋಡೆಯಾಚೆಯ ಸೆಲ್ವಿಯ ಮಗಳು ಅದೇ ಪರೀಕ್ಷೆ ಪಾಸಾಗಿ ಚೆನ್ನೈ ಸೇರಿದ್ದಳು. ಅವಳ ಪುಸ್ತಕಗಳನ್ನೆಲ್ಲ ಸೆಲ್ವಿ ತಂದುಕೊಟ್ಟಾಗ ನನಗೆ ಹಬ್ಬ. ನಮ್ಮಲ್ಲಿ ಬಿತ್ತನೆ ರಾಗಿಯನ್ನು ಚೆನ್ನಾಗಿ ಬೆಳೆದ ಮನೆಯಿಂದಲೇ ತರುವುದು. ತಂದ ಬಿತ್ತನೆಯನ್ನು ಹಿಂದಿರುಗಿಸಿದರೆ ಕೊಟ್ಟ ಮನೆಗೆ ಕೇಡು ಬಯಸಿದಂತೆ. ಬೆಳೆ ಬಂದಮೇಲೆ ಒಂದು ಮೊರ ಹೆಚ್ಚೇ ಕೊಡಬೇಕು. ಪುಸ್ತಕಗಳಿಗೆ ಅರಿಶಿನ ಕುಂಕುಮ ಇಟ್ಟೆ.

ಸಂಜೆ ನಿಮ್ಮಮ್ಮ ನೋಡಿ ತಲೆ ಆಡಿಸಿದಳು. "ಪಾಠ ಬದಲಾಗೈತಮ್ಮ. ಕಳ್ದ ಸಲ ಸಿಕ್ಕಿದ್ದೆಲ್ಲ ಓದೇ ಕೆಟ್ಟೆ. ವಾಪಸ್ ಕೊಟ್ಬಿಡು."

"ಬಿತ್ತನೆ ವಾಪಸ್ ಕೊಡ್ತಾರೇನೇ? ಆಯಮ್ಮ ಏನನ್ಕೊಂತಾಳೆ?"

ಗೋಡೆ ಇದನ್ನೂ ಕೇಳಿಸಿತ್ತು. ಬೆಳಿಗ್ಗೆ ನಲ್ಲಿಯ ಹತ್ತಿರ ಸೆಲ್ವಿ, "ಅಕ್ಕಾ, ವಾಪಸ್ ಕುಡುಂಗೋ, ಪರವಾಯಿಲ್ಲೆ. ಚೆನ್ನೈಲಿರೋ ನಮ್ ಪೊಣ್ಣೂ ಹೊಸದೇ ತಗೋಬೇಕು ಅಂದ್ಲು. ಮಂಚದ ಕೆಳಗೆ ಜಾಗ ಆಗ್ಲಿ ಅಂತ ನಾನೇ ನಿಮ್ಗೆ ತಳ್ಳಿದ್ದು!" ಎಂದಳು. ನೀರಿಗೆ ನಿಂತವರೆಲ್ಲ ನಕ್ಕರು. ಆ ಊರಿನಲ್ಲಿ ನಾನು ಬಾಯಿಬಿಟ್ಟು ನಕ್ಕದ್ದು ಅಂದೇ.

ಕೊನೆಗೆ ನಿಮ್ಮಮ್ಮ ಈ ಸಲದ ಪಾಠಕ್ಕೆ ಹೊಂದುವ ಒಂದೇ ಟಿಪ್ಪಣಿ, ಜೊತೆಗೆ ಹಿಂದಿನ ಪ್ರಶ್ನೆಪತ್ರಿಕೆಗಳು, ಅಷ್ಟನ್ನೇ ಆರಿಸಿಕೊಂಡಳು. ವಿಡಿಯೊ ಪಾಠ ಬೇಡವೆಂದಳು. ಅವಳಿಗೆ ಓದಲು ಸಿಗುವುದು ರೈಲಿನ ಹೊತ್ತು, ಅಲ್ಲಿ ಸಿಗ್ನಲ್ ನಿಲ್ಲದು. ಆದರೆ ಬಂಗಾರಪೇಟೆಯಲ್ಲಿ ಬೋಗಿ ತುಂಬಿದಮೇಲೆ ದಪ್ಪ ಕಟ್ಟನ್ನು ಬಿಡಿಸುವುದು ಹೇಗೆ?

ಅದನ್ನು ತೆಳ್ಳಗೆ ಅಚ್ಚು ಹಾಕಿಸಲು ನಾನು ಒಬ್ಬಳೇ ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಗೆ ಹೋದೆ. ಎರಡೂ ಬದಿ ಅಚ್ಚಾಗಲಿ ಎನ್ನಲು "ರೆಂಡು ಪಕ್ಕಮ್" ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಅಂಗಡಿಯವನು, "ಕನ್ನಡದಾಗೇ ಏಳಮ್ಮ, ನಾನು ಬೇತಮಂಗಲದೋನು" ಎಂದ! ಹಾಳೆಗಳನ್ನು ತಂದು, ಊರಿನಿಂದ ಬಂದಿದ್ದ ದಬ್ಬಳದಿಂದ, ಮೂಟೆ ಹೊಲಿಯುವ ಆ ದಪ್ಪ ಸೂಜಿಯಿಂದ, ತೆಳ್ಳಗಿನ ಪುಸ್ತಕಗಳನ್ನು ಹೊಲಿದೆ. ನಿಂತೇ ಒಂದು ಕೈಯಲ್ಲಿ ಹಿಡಿಯುವಂಥವು. ನಿಮ್ಮಮ್ಮ ಅವನ್ನು ಒಂದೊಂದಾಗಿ ರೈಲಿಗೆ ಒಯ್ದು, ಅಂಚು ಸವೆಸಿ ತಂದಳು.

ಪಾಸಾದಳು. ಬಿತ್ತನೆಯ ಲೆಕ್ಕ ಬಿಡಲಾಗದೆ, ಹುಳಿಗೆ ಹಾಕಲೆಂದು ಸೆಲ್ವಿಗೆ ಒಂದು ಮೊರ ಅವರೆಕಾಯಿ ಕೊಟ್ಟುಬಂದೆ. ಅವಳು ನಗುತ್ತಾ ಸೆರಗಿಗೆ ಸುರಿದುಕೊಂಡಳು.

ಸುಗ್ಗಿಗೆ ಊರಿಗೆ ಹೋದೆ. ರಾಗಿ ಮೂಟೆ ಹೊಲಿಯಲು ಗೂಡಿಗೆ ಕೈಹಾಕಿದರೆ ದಬ್ಬಳವಿಲ್ಲ. ಅದು ನಂದಿದುರ್ಗದಲ್ಲಿ, ನಿಮ್ಮಮ್ಮನ ಮುಂದಿನ ಪರೀಕ್ಷೆಯ ಹಾಳೆಗಳಲ್ಲಿ ಅರ್ಧ ಹೊಲಿಗೆಗೆ ನಿಂತಿತ್ತು. ನನ್ನೂರಿನಲ್ಲೇ ಪಕ್ಕದ ಮನೆಗೆ ಹೋಗಿ ದಬ್ಬಳ ಕೇಳಿದೆ. ತಂದು ಮೂಟೆ ಹೊಲಿಯುವಾಗ ರಾಗಿಯ ಧೂಳಿಗೆ ಸೀನು ಬಂತು. ಸೀನಿ, ಆಚೆಯಿಂದ ಯಾರಾದರೂ ನಕ್ಕಾರೆಂದು ಗೋಡೆಯ ಕಡೆ ತಿರುಗಿ ಒಂದು ಕ್ಷಣ ಕಾದೆ.