ಗರಡಿಗೆ ಗ್ಲೌಸು ತಂದ ಲಿಂಗಯ್ಯ

“ನಿನ್ನ ಗಂಡ ಕುಸ್ತಿಗೆ ಹೊರಟ್ನಂತೆ, ಬೆನ್ನು ತೊಳೆಯೋಕೆ ನೀರು ಕಾಯ್ಸಿಡಮ್ಮ” ಎಂದು ನೆರೆಮನೆಯ ಹೆಂಗಸರು ಚಿಕ್ಕತಾಯಮ್ಮನಿಗೆ ಹೇಳುತ್ತಿದ್ದರು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋತಂತೆ. ಆಕೆಯ ಗಂಡ ಲಿಂಗಯ್ಯನ ಬೆನ್ನು ಮೈಸೂರಿನಲ್ಲಿ ಮುಟ್ಟದ ಅಖಾಡವಿರಲಿಲ್ಲ. ಹದಿನೆಂಟು ವರ್ಷ ಲಂಗೋಟಿ ಕಟ್ಟಿ ಒಬ್ಬನನ್ನೂ ಚಿತ್ ಮಾಡದ ಪೈಲ್ವಾನ ಈ ಊರಿನಲ್ಲಿ ಅವನೊಬ್ಬನೇ.

ಆದರೂ ಅವನಿಗೆ ಮನೆಯಿತ್ತು. ಗರಡಿಯ ಹಿಂದಿನ ಎರಡು ಕೋಣೆ. ಬೆಳಗ್ಗೆ ಗರಡಿಯ ಬಾಗಿಲು ತೆಗೆದು, ಕುಸ್ತಿಯಾಡುವ ಮಟ್ಟಿಯ ಕೆಂಪು ಮಣ್ಣನ್ನು ಅಗೆದು ಹದ ಮಾಡಿ, ಹನುಮಂತರಾಯನ ಪಟಕ್ಕೆ ಹೂವಿಡುವವನಿಗೆಂದು ಮೀಸಲಾದ ಮನೆ ಅದು. “ಆಡೋಕಾಗದೋನು ಅಗೀಲಿ” ಎಂದು ಗರಡಿಯ ಗುರು, ಉಸ್ತಾದ್ ಮರಿಯಯ್ಯನವರು ಕೊಟ್ಟಿದ್ದರು. ತೆಪ್ಪಗೆ ಅಗೆದುಕೊಂಡಿದ್ದರೆ ಸಾಯುವವರೆಗೂ ಇರಬಹುದಿತ್ತು.

ಎರಡು ಸಾವಿರದ ಮೂರರ ಸುಮಾರಿಗೆ ಕೇಬಲ್ ಟಿ.ವಿ.ಯಲ್ಲಿ ಒಂದು ಹೊಸ ಆಟ ಬಂತು. ಬಾಕ್ಸಿಂಗ್ ಅನ್ನೋಣವೆಂದರೆ ತಬ್ಬಿಕೊಂಡು ಉರುಳಾಡುತ್ತಾರೆ. ಕುಸ್ತಿ ಅನ್ನೋಣವೆಂದರೆ ಮೂಗು ಒಡೆಯುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಜೇಬುಗಳ್ಳನಿಗೆ ಬೀಳುವ ಏಟಿನಂಥ ಈ ಆಟಕ್ಕೆ ಕಾಯಿದೆ ಬೇರೆ ಇತ್ತಂತೆ. ಎರಡೇ ವರ್ಷ, ಕುವೆಂಪುನಗರದಿಂದ ಶ್ರೀರಾಂಪುರದವರೆಗೆ ಮಹಡಿ ಮಹಡಿಗೂ ‘ಮಿಕ್ಸೆಡ್ ಫೈಟ್’ ಬೋರ್ಡು. ಮನೆಯಲ್ಲಿ ಬಿಂದಿಗೆ ನೀರು ಎತ್ತದ ಮಕ್ಕಳು ಸ್ಕೂಟಿಯಲ್ಲಿ ಹೋಗಿ ಒದೆ ತಿಂದು ಬರತೊಡಗಿದರು.

ಲಿಂಗಯ್ಯನಿಗೆ ಜ್ಞಾನೋದಯವಾಯಿತು. ತಪ್ಪು ತನ್ನದಲ್ಲ, ಗುದ್ದಲು ಬಿಡದ ಕುಸ್ತಿಯದು! ಗ್ಲೌಸು ತಂದ, ಗರಡಿಯ ತೊಲೆಗೇ ಮರಳು ಮೂಟೆ ಕಟ್ಟಿದ.

“ಇದೇನೋ ಇದು, ಕುರಿ ನೇತಾಕ್ದಂಗೆ?” ಎಂದರು ಮರಿಯಯ್ಯ.

“ಬರೀ ಕುಸ್ತಿ ಕಾಲ ಮುಗೀತು ಉಸ್ತಾದ್ರೇ. ಇನ್ಮೇಲೆ ಎರಡೂ ಬೆರೆಸ್ಬೇಕು.”

“ನಿಂಗೆ ಒಂದೇ ಬರಲ್ವಲ್ಲೋ.”

“ಒಂದು ಪಂದ್ಯ ನೋಡಿ. ಗೆದ್ರೆ ಇಲ್ಲೇ ಹೇಳ್ಕೊಡ್ತೀನಿ. ಸೋತ್ರೆ ಮನೆ ಬುಟ್ಟು ಹೋಯ್ತೀನಿ.”

“ಹನುಮಂತರಾಯನ ಮುಂದೆ ಆಡಿದ ಮಾತು ಕಣೋ ಇದು.”

“ಆಡ್ಬುಟ್ಟೆ.”

ಒಲೆ ಮುಂದಿದ್ದ ಚಿಕ್ಕತಾಯಮ್ಮನನ್ನು ಯಾರೂ ಕೇಳಲಿಲ್ಲ.

ಪಂದ್ಯ ಕುವೆಂಪುನಗರದ ಒಂದು ಕಲ್ಯಾಣಮಂಟಪದಲ್ಲಿ. ಎದುರಾಳಿ ಹಲ್ಲಿನ ಡಾಕ್ಟರ ಮಗ ಸುಪ್ರೀತ್. ಕನ್ನಡಕ ತೆಗೆದರೆ ಅಮ್ಮ ಯಾರು ಅತ್ತೆ ಯಾರು ತಿಳಿಯದ ನರಪೇತಲ. ಗರಡಿಯವರೆಲ್ಲ ನಗಲೆಂದೇ ಬಂದಿದ್ದರು. ಮರಿಯಯ್ಯ ಮುಂದಿನ ಕುರ್ಚಿಯಲ್ಲಿ.

ಗಂಟೆ ಹೊಡೆಯಿತು. ಲಿಂಗಯ್ಯ ನಾಲ್ಕು ಗುದ್ದು ತಿಂದ. ಐದನೆಯದಕ್ಕೆ ಬಗ್ಗಿ ಹುಡುಗನ ಸೊಂಟ ಹಿಡಿದು, ಎತ್ತಿ ಕುಕ್ಕಿದ. ಭುಜ ಎರಡೂ ಚಾಪೆಗೆ ಬಡಿದವು. ಜನ್ಮದಲ್ಲಿ ಮೊದಲ ಬಾರಿಗೆ ಲಿಂಗಯ್ಯ ಒಬ್ಬನನ್ನು ಚಿತ್ ಮಾಡಿದ್ದ.

ಚಿತ್ ಮಾಡಿದ ಪೈಲ್ವಾನ ಏನು ಮಾಡುತ್ತಾನೆ? ಎದ್ದು, ತೊಡೆ ತಟ್ಟಿ, ಗುರುವಿಗೆ ಕೈ ಮುಗಿಯುತ್ತಾನೆ. ಲಿಂಗಯ್ಯನೂ ಎದ್ದ, ತಟ್ಟಿದ, ಹುಡುಗನಿಗೆ ಬೆನ್ನು ಹಾಕಿ ಮರಿಯಯ್ಯನವರ ಕಡೆ ಬಗ್ಗಿದ. ಕಣ್ಣಲ್ಲಿ ನೀರು.

ತಾನೇ ಹಾಡಿ ಹೊಗಳುತ್ತಿದ್ದ ಆಟದಲ್ಲಿ ಬೆನ್ನು ತಾಗಿದರೆ ಸೋಲಲ್ಲವೆಂಬುದು ಆ ಬುದ್ಧಿವಂತನಿಗೆ ನೆನಪಾಗಲಿಲ್ಲ. ಸುಪ್ರೀತ್ ಎದ್ದು ಬಂದು ಹಿಂದಿನಿಂದ ನೇತುಬಿದ್ದು ಕತ್ತಿಗೆ ತೋಳು ಸುತ್ತಿದ. ಹತ್ತು ಎಣಿಸುವುದರಲ್ಲಿ ಲಿಂಗಯ್ಯ ಕೈ ಮುಗಿದುಕೊಂಡೇ ಎಚ್ಚರ ತಪ್ಪಿ ಉರುಳಿದ್ದ. ಗರಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮರಿಯಯ್ಯ ಮಾತ್ರ ನಗಲಿಲ್ಲ.

ಮಾರನೆಯ ಬೆಳಗ್ಗೆ ಮನೆ ಮುಂದೆ ಆಟೋ ನಿಂತಿತು. ಮರಿಯಯ್ಯ ಬಾಗಿಲಿಗೆ ಬಂದರು.

“ಭುಜ ಎರಡೂ ತಾಗಿದ್ವು. ನೀವೇ ನೋಡಿದ್ರಿ” ಎಂದ ಲಿಂಗಯ್ಯ.

“ನೋಡ್ದೆ. ಒಳ್ಳೇ ಪಟ್ಟು. ನಮ್ಮ ಮಟ್ಟೀಲಿ ಹಾಕಿದ್ರೆ ನಾನೇ ಪೇಟ ಸುತ್ತಿಸ್ತಿದ್ದೆ. ಹದಿನೆಂಟು ವರ್ಷ ಎಲ್ಲಿಟ್ಟಿದ್ದೆ ಅದನ್ನ?”

‘ಇದ್ಬುಡು’ ಎಂಬ ಮಾತಿಗೆ ಕಾದು ಲಿಂಗಯ್ಯ ಉಸ್ತಾದರ ಮುಖವನ್ನೇ ನೋಡಿದ. ಅವರು ಗರಡಿಯ ಬೀಗದ ಕೈಗೆ ಅಂಗೈ ಚಾಚಿದರು.

“ಇನ್ನೂ ಏನು ನೋಡ್ತಾ ನಿಂತಿದ್ದೀರಿ? ಮಂಡಕಳ್ಳೀಲಿ ನನ್ನ ತಮ್ಮ ಕಾಯ್ತಾವ್ನೆ” ಎಂದು ಚಿಕ್ಕತಾಯಮ್ಮ ಟ್ರಂಕು ಎತ್ತಿಕೊಂಡು ಮುಂದೆ ನಡೆದಳು. ಲಿಂಗಯ್ಯ ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿ, ಹೊಸ್ತಿಲು ದಾಟಿ ಅವಳ ಹಿಂದೆ ಹೋದ.