ಅಂಗೈ ಮಸಿಯಲ್ಲಿ ಕಂಡ ಕಳ್ಳಿ

ಆ ಹೆಡ್‌ಮಾಸ್ಟರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎನ್ನುತ್ತಾರೆ, ನನ್ನದು ಇಳಿದಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ, ಹಿರಿಯೂರಿನಿಂದ ಕೆಳಗೆ ವೇದಾವತಿ ದಂಡೆಯ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ನಾನು ವಿಜ್ಞಾನದ ಟೀಚರಾಗಿ ಹೋದೆ. ನಮ್ಮದು ಚಿತ್ರದುರ್ಗದ ಪೇಟೆಯಲ್ಲಿ ತಲೆತಲಾಂತರದಿಂದ ಬಟ್ಟೆ ಅಂಗಡಿ ಇಟ್ಟುಕೊಂಡ ಮುಸ್ಲಿಂ ಮನೆತನ. ಅಲ್ಲಿಂದ ನೌಕರಿಗೆ ಹೊರಟ ಮೊದಲ ಹೆಣ್ಣು ನಾನೇ. ಮನೆಯಲ್ಲಿ ಎಲ್ಲರ ಹತ್ತಿರ ಜಗಳ ಆಡಿಯೇ ಹೊರಟಿದ್ದರಿಂದ ಜಗಳದ ಅಭ್ಯಾಸ ಚೆನ್ನಾಗಿಯೇ ಇತ್ತು.

ಆ ಊರಿನಲ್ಲಿ ಏನಿಲ್ಲದಿದ್ದರೂ ಸುದ್ದಿಗೆ ಕೊರತೆ ಇರಲಿಲ್ಲ. ಬಸ್ಸಿನಿಂದ ಇಳಿದವನು ಏನು ಒದರಿದರೂ ಅದು ಟೀ ಅಂಗಡಿ ದಾಟುವಷ್ಟರಲ್ಲಿ ಸತ್ಯವಾಗುತ್ತಿತ್ತು. ಮಕ್ಕಳು ಅದನ್ನೆಲ್ಲ ಹೊತ್ತುಕೊಂಡು ನನ್ನ ಕ್ಲಾಸಿಗೆ ಬರುತ್ತಿದ್ದವು. ಐಮಂಗಲದಲ್ಲಿ ಎರಡು ತಲೆಯ ಕರು ಹುಟ್ಟಿದೆಯಂತೆ, ಶಾಲೆಯಲ್ಲಿ ಸೂಜಿ ಚುಚ್ಚಿಸಿಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ. ಸೂಜಿ ಹಾಕುವವರು ಬಂದ ದಿನ ಅರ್ಧ ಶಾಲೆ ಕಿಟಕಿ ಹಾರಿ ಓಡಿಹೋಯಿತು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಬೋರ್ಡಿನ ಮೇಲೆ ಏನೂ ಬರೆಯದೆ ಒಂದೇ ಪಾಠ ಮಾಡಿದೆ. ಯಾರು ಏನು ಹೇಳಿದರೂ ನಿನಗೆ ಯಾರು ಹೇಳಿದರು ಎಂದು ಕೇಳಿ. ಅವರ ಹತ್ತಿರ ಹೋಗಿ ಮತ್ತೆ ಅದನ್ನೇ ಕೇಳಿ. ಕಣ್ಣಾರೆ ಕಂಡವರು ಸಿಗುವವರೆಗೂ ಬಿಡಬೇಡಿ, ಸಿಗದಿದ್ದರೆ ನಂಬಬೇಡಿ.

ಆ ಮಳೆಗಾಲದಲ್ಲಿ ನದಿಯ ಮೇಲ್ಭಾಗದ ಮಾರಿಕಣಿವೆ ಅಣೆಕಟ್ಟೆ ಬಿರುಕು ಬಿಟ್ಟಿದೆ ಎಂಬ ಸುದ್ದಿ ಹಬ್ಬಿತು. ನದಿ ದಂಡೆಯ ಊರು, ಕೇಳಬೇಕೆ? ಜನ ಪಾತ್ರೆಪಡಗ, ಕೋಳಿ, ಮುದುಕಿಯರನ್ನೆಲ್ಲ ಹೊತ್ತು ಗುಡ್ಡ ಹತ್ತಿದರು. ಕಟ್ಟೆ ಒಡೆಯಲಿಲ್ಲ, ಜನ ನೆಗಡಿ ಹಿಡಿಸಿಕೊಂಡು ಇಳಿದುಬಂದರು. ಈ ಸುದ್ದಿ ಎಲ್ಲಿ ಹುಟ್ಟಿತು ಎಂದು ಹುಡುಕಿಕೊಂಡು ಬನ್ನಿ ಎಂದು ನಾನು ಏಳನೇ ಕ್ಲಾಸಿಗೆ ಮನೆಪಾಠ ಕೊಟ್ಟೆ.

ಕೊನೆಮುಟ್ಟ ಹೋದವಳು ಒಬ್ಬಳೇ. ಊರಾಚೆಯ ಹಟ್ಟಿಯಲ್ಲಿ ಕುರಿ ಸಾಕುವವರ ಮನೆಯ ಹುಡುಗಿ. ಆ ಹಟ್ಟಿಯಿಂದ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಕೂರಲಿದ್ದ ಮೊದಲ ಹೆಣ್ಣುಮಗು. ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ನಾನೇ ಹಟ್ಟಿಗೆ ಹೋಗಿ ಅವಳ ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿದ್ದೆ. "ಪರೀಕ್ಷೆಗಂಟ ಓದ್ಲಿ ಬಿಡಮ್ಮ. ಆದ್ರೆ ಹುಡುಗಿ ಮೇಲೆ ಒಂದ್ ಮಾತು ಬಂತೋ, ಅವತ್ತೇ ಮಂದೆ ಜತೆ ಕರ್ಕಂಡು ಹೊಲ್ಟೋಗ್ತೀನಿ" ಎಂದಿದ್ದ.

ಅವಳು ಕ್ಲಾಸಿನಲ್ಲಿ ಎದ್ದು ನಿಂತು ವರದಿ ಒಪ್ಪಿಸಿದಳು. "ಟೀ ಅಂಗಡಿಯೋರಿಗೆ ಗಿರಣಿಯೋರು ಹೇಳಿದ್ದು ಟೀಚರ್. ಗಿರಣಿಯೋರಿಗೆ ಹೆಡ್‌ಮಾಸ್ಟರ ಮನೆ ಅಮ್ಮಾರು. ಅಮ್ಮಾರಿಗೆ ಹೆಡ್‌ಮಾಸ್ಟರು. ನೀವು ಕಂಡ್ರಾ ಸಾರ್ ಅಂತ ಅವರನ್ನೇ ಕೇಳ್ದೆ. ಅವರಿಗೆ ಕನಸು ಬಿದ್ದಿತ್ತಂತೆ. ಅಮ್ಮಾರು ಹಿಟ್ಟು ಬೀಸಾಕೆ ಹೋದಾಗ ಕಟ್ಟೆ ವಿಷ್ಯ ಹೇಳಿದ್ರು, ಕನಸು ಅನ್ನೋದು ಬಿಟ್ಟೋಯ್ತು."

ಕ್ಲಾಸು ಬೆಂಚು ಬಡಿದು ನಕ್ಕಿತು. ನನಗಾದ ಖುಷಿ ಅಷ್ಟಿಷ್ಟಲ್ಲ. ಅಷ್ಟರಲ್ಲಿ ನೋಡಿದರೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಶ್ಯದ ಡಬ್ಬಿ ಹಿಡಿದು ನಿಂತಿದ್ದರು. ಅವಳನ್ನು ಒಂದು ಸಲ ದುರುಗುಟ್ಟಿ ನೋಡಿ ಹೊರಟುಹೋದರು.

ಸಂಕ್ರಾಂತಿ ಕಳೆದ ಮೇಲೆ ಶಾಲೆಯ ರೇಡಿಯೋ ಕಳುವಾಯಿತು. ಸರ್ಕಾರ ಕೊಟ್ಟ ರೇಡಿಯೋ ಅದು, ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿ ಇರುತ್ತಿತ್ತು. ಪೊಲೀಸರಿಗೆ ಹೇಳೋಣ ಎಂದೆ. ಪೊಲೀಸರು ಬಂದರೆ ಬೀರುವಿಗೆ ಬೀಗ ಯಾಕೆ ಹಾಕಿರಲಿಲ್ಲ ಎಂದು ಹೆಡ್‌ಮಾಸ್ಟರನ್ನೇ ಕೇಳುತ್ತಾರೆ. ಅದಕ್ಕೇ ಇರಬೇಕು, ಅವರು ಭರಮಸಾಗರದ ಕಡೆಯಿಂದ ಅಂಜನ ಹಾಕುವವನನ್ನು ಕರೆಸಿದರು. ಹರಳೆಣ್ಣೆಯಲ್ಲಿ ಕಲಸಿದ ಮಸಿಯನ್ನು ಒಂದು ಮಗುವಿನ ಅಂಗೈಗೆ ಬಳಿದು, ಅದರಲ್ಲಿ ಕಳ್ಳನ ಮುಖ ನೋಡಿಸುವುದು. ಆ ಮಗು ಕಾಲು ಮುಂದಾಗಿ ಹುಟ್ಟಿರಬೇಕು. ಅಂಥವನೊಬ್ಬ ಆರನೇ ಕ್ಲಾಸಿನಲ್ಲಿ ಸಿಕ್ಕಿದ. ಒಂದು ಶಾಲೆ ನಡೆಸುವ ಮನುಷ್ಯ, ಪಾಠದ ಹೊತ್ತಿನಲ್ಲಿ, ತನ್ನ ಕೋಣೆಯಲ್ಲಿ ಇದನ್ನೆಲ್ಲ ಮಾಡಿಸುತ್ತಿದ್ದರೆ ಉಳಿದ ಮೇಷ್ಟ್ರುಗಳು ಕೈಕಟ್ಟಿ ನಿಂತು ನೋಡುತ್ತಿದ್ದರು.

"ಕಸ ಗುಡಿಸೋನು ಬಂದ್ನಾ?" ಎಂದು ಅಂಜನದವನು ಮಸಿ ನೋಡುತ್ತಿದ್ದ ಹುಡುಗನನ್ನು ಕೇಳಿದ.

"ಬಂದ."

"ನೀರು ಚಿಮುಕಿಸಿದ್ನಾ? ಕುರ್ಚಿ ಹಾಕಿದ್ರಾ? ದೇವ್ರು ಬಂದು ಕುಂತೈತಾ?"

"ಕುಂತೈತೆ."

"ರೇಡಿಯೋ ತಗಂಡೋರನ್ನ ಕರೆಸು ಅಂತ ಕೇಳು. ಬಂದ್ರಾ?"

ಹುಡುಗ ಹೆಡ್‌ಮಾಸ್ಟರ ಮುಖ ನೋಡಿದ. ಆಗ ಹೆಡ್‌ಮಾಸ್ಟರು ಬಾಯಿ ಹಾಕಿದರು. "ಹೆದರಬ್ಯಾಡ ಕಣಲೇ. ಬೀರು ಹತ್ರ ಯಾರೋ ಗುಡಿಸ್ತಾವ್ರೆ, ಅಲ್ವಾ?"

"ಹೂಂ ಸಾರ್."

"ಲಂಗ ಕಾಣ್ತೈತಾ? ಹಸಿರು ಲಂಗ?"

"ಹಸಿರು ಸಾರ್."

ರೇಡಿಯೋ ಹೋದ ದಿನ ಕೋಣೆ ಗುಡಿಸುವ ಸರದಿ ಹಟ್ಟಿಯ ಹುಡುಗಿಯದು ಎಂದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಇದ್ದದ್ದು ಒಂದೇ ಲಂಗ, ಅದು ಹಸಿರು. ಹೆಡ್‌ಮಾಸ್ಟರು ಅಲ್ಲಿಂದಲೇ ಹಟ್ಟಿಗೆ ಆಳು ಓಡಿಸಿದರು, ಅವಳಪ್ಪನನ್ನು ಕರೆತರಲು.

ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ ನಾನು ಕೋಣೆಗೆ ನುಗ್ಗಿದೆ. ಹಸಿರು ಬಣ್ಣ ಮಸಿಯಲ್ಲಿರಲಿಲ್ಲ, ನಿಮ್ಮ ಬಾಯಲ್ಲಿತ್ತು ಎಂದು ಎಲ್ಲರೆದುರಿಗೇ ಹೇಳಿದೆ. ಅವರು ನಕ್ಕರು. "ನಿಮಗಿದು ತಿಳಿಯಲ್ಲ ಬಿಡಿ ಟೀಚರ್, ಇದು ನಮ್ಮ ದೇವರ ವಿಷಯ."

"ನಮ್ಮನೇಲೂ ಇದೇ ಮಾಡ್ತಾರೆ ಸಾರ್, ಹೆಸರು ಬೇರೆ ಅಷ್ಟೆ" ಎಂದೆ. ಸುಳ್ಳಲ್ಲ. ಚಿಕ್ಕಂದಿನಲ್ಲಿ ಅಜ್ಜಿಯ ಓಲೆ ಕಳೆದಾಗ ನನ್ನ ಕೈಗೂ ಮಸಿ ಬಳಿದಿದ್ದರು. ನನಗೆ ಮಸಿ ಬಿಟ್ಟು ಏನೂ ಕಾಣಲಿಲ್ಲ, ಹಾಗೆಂದೇ ಹೇಳಿದೆ. ಈ ಹುಡುಗಿಯ ಕಣ್ಣು ಸರಿಯಿಲ್ಲ ಎಂದು ಎಬ್ಬಿಸಿ ತಂಗಿಯನ್ನು ಕೂರಿಸಿದರು. ಅವಳಿಗೆ ಎಲ್ಲ ಕಂಡಿತು, ಕೈತುಂಬ ಬೆಲ್ಲವೂ ಸಿಕ್ಕಿತು.

ಉರಿಯುತ್ತಲೇ ಏಳನೇ ಕ್ಲಾಸಿಗೆ ಹೋದೆ. ಹಟ್ಟಿಯ ಹುಡುಗಿ ಮೂಲೆಯಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿದ್ದವರು ಆಗಲೇ ಸರಿದು ಕೂತಿದ್ದರು. ಇದನ್ನೆಲ್ಲ ನಂಬುತ್ತೀರಾ ಎಂದು ಕೂಗಿದೆ. ಮುಂದಿನ ಬೆಂಚಿನವನೊಬ್ಬ ಎದ್ದ. ಉಡಾಫೆಯವನಲ್ಲ, ನನ್ನ ಪಾಠ ಮನಸ್ಸಿಟ್ಟು ಕೇಳುತ್ತಿದ್ದವನು.

"ಟೀಚರ್, ನೀವೇ ಹೇಳಿದ್ರಲ್ಲ, ಕಂಡೋರು ಸಿಗೋಗಂಟ ಹೋಗ್ರಿ ಅಂತ. ಸಿಕ್ಕಿದಾನಲ್ಲ. ಆರನೇ ಕ್ಲಾಸಿನೋನೇ ಕಂಡವ್ನೆ."

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನಾನು ಕೊಟ್ಟ ಕತ್ತಿಯನ್ನೇ ಹಿಡಿದು ಆ ಮಕ್ಕಳು ಅವಳನ್ನು ಕುಯ್ಯುತ್ತಿದ್ದರು, ಅದೂ ಒಳ್ಳೆಯ ವಿದ್ಯಾರ್ಥಿಗಳ ಹಾಗೆ.

ಐದನೇ ಕ್ಲಾಸಿನಿಂದ ಒಂದು ಪುಟ್ಟ ಹುಡುಗಿಯನ್ನು ಕರೆಸಿದೆ. ಇಂಕಿನ ಬಾಟಲಿ ತೆಗೆದು ಅವಳ ಅಂಗೈಗೆ ಬಗ್ಗಿಸಿದೆ. ಕಸ ಗುಡಿಸುವವನನ್ನು ಕರೆಸಿದೆ, ನೀರು ಹಾಕಿಸಿದೆ, ಕುರ್ಚಿ ಹಾಕಿಸಿದೆ. ಕೂಸು ಎಲ್ಲದಕ್ಕೂ ಹೂಂ ಎಂದಿತು. ರೇಡಿಯೋ ತೆಗೆದುಕೊಂಡವರು ಬಂದರಾ ಎಂದೆ. ಹೂಂ. ಪಂಚೆ ಉಟ್ಟಿದ್ದಾರಾ? ಹೂಂ. ಕನ್ನಡಕ ಐತಾ? ಹೂಂ. ಕೈಯಲ್ಲಿ ನಶ್ಯದ ಡಬ್ಬಿ?

ಮಗು ಇಂಕಿನೊಳಗೆ ಕಣ್ಣರಳಿಸಿ ನೋಡಿತು. "ಐತೆ ಟೀಚರ್! ನಮ್ ಹೆಡ್‌ಮಾಸ್ಟರು!"

ನಗು ಅಂದರೆ ನಗು. ಹಂಚು ಹಾರಿಹೋಗುವ ಹಾಗೆ ನಕ್ಕರು. ಪ್ರಶ್ನೆ ಎತ್ತಿದ್ದ ಹುಡುಗನೇ ಬೆಂಚಿನ ಮೇಲೆ ಬಿದ್ದು ಹೊರಳಾಡಿದ. ನಗು ಇಳಿಯಲು ಬಿಟ್ಟು ಹೇಳಿದೆ. ಕಂಡೆ ಎಂದವನು ಸಿಕ್ಕಿದರೆ ಕೆಲಸ ಮುಗಿಯಲಿಲ್ಲ. ಅವನಿಗೆ ಅದನ್ನು ಯಾರು ತೋರಿಸಿದರು, ಕೇಳಿದವರಿಗೆ ಏನು ಬೇಕಾಗಿತ್ತು, ಉತ್ತರ ಪ್ರಶ್ನೆಯೊಳಗೇ ಇತ್ತೇ, ಅದನ್ನೂ ನೋಡಬೇಕು. ಮಕ್ಕಳು ತಲೆ ಆಡಿಸಿದರು. ಅವತ್ತಿನಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿಲ್ಲ ಅನ್ನಿಸಿತು. ಹೆಡ್‌ಮಾಸ್ಟರಿಗೆ ಸುದ್ದಿ ಮುಟ್ಟಿತು. ಅವರು ಮೇಲಿನವರಿಗೆ ಏನು ಬರೆದರೋ, ಮುಂದಿನ ಜೂನ್‌ನಲ್ಲಿ ನನ್ನನ್ನು ಹೊಳಲ್ಕೆರೆಯ ಕಡೆಗೆ ಎತ್ತಿ ಹಾಕಿದರು. ರೇಡಿಯೋ ಸಿಗಲೇ ಇಲ್ಲ. ಯಾರು ಕದ್ದರೋ ನನಗೆ ಗೊತ್ತಿಲ್ಲ, ಗೊತ್ತು ಎನ್ನುವವರನ್ನು ನಾನು ನಂಬುವುದೂ ಇಲ್ಲ.

ಇಂಕಿನ ಪಾಠ ಮಾಡಿದ ಸಂಜೆಯೇ ಶಾಲೆ ಬಿಡುವ ಹೊತ್ತಿಗೆ ಅವಳಪ್ಪ ಬಂದ. ಹೆಡ್‌ಮಾಸ್ಟರು ತಮ್ಮ ಕೋಣೆಯಿಂದ ಹೊರಗೇ ಬರಲಿಲ್ಲ. ಮಸಿ ಸುಳ್ಳು ಎಂದು ನಾನು ಇಡೀ ಕ್ಲಾಸಿಗೆ ತೋರಿಸಿಕೊಟ್ಟಿದ್ದೇನೆ, ಎಲ್ಲರೂ ಒಪ್ಪಿದ್ದಾರೆ ಎಂದು ನಾನೇ ಎದುರು ಹೋಗಿ ಹೇಳಿದೆ. ಗೆದ್ದ ಹುಮ್ಮಸ್ಸಿನಲ್ಲಿ ಒಂದೇ ಸಮನೆ ಮಾತಾಡಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ನನ್ ಮಗಳು ಕದಿಯಲ್ಲ ಅಂತ ನಂಗೊತ್ತಮ್ಮ. ನೀವ್ ಹೇಳಿದ್ ಮ್ಯಾಲೆ ಇನ್ನೇನೈತೆ. ಇರ್ತೀನಿ ಅಂದ್ರೆ ಇರ್ಲಿ. ಅವಳನ್ನೇ ಕೇಳ್ರಿ."

ಷರತ್ತನ್ನೇ ಬಿಟ್ಟುಕೊಟ್ಟಿದ್ದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅವಳ ಕಡೆ ತಿರುಗಿ, ನಾಳೆ ಬರ್ತೀಯಲ್ಲಾ, ಪರೀಕ್ಷೆಗೆ ಇನ್ನು ಎಷ್ಟು ದಿನ ಇದೆ ಎಂದೆ. ಅವಳು ಅತ್ತಿರಲಿಲ್ಲ. ನನ್ನನ್ನೇ ನೆಟ್ಟಗೆ ನೋಡಿದಳು.

"ಟೀಚರ್, ಇಂಕಲ್ಲಿ ಹೆಡ್‌ಮಾಸ್ಟರು ಕಾಣ್ತಾರೆ ಅಂದಾಗ ಎಲ್ಲರೂ ನಕ್ರು. ಒಬ್ರೂ ನಂಬ್ಲಿಲ್ಲ. ನಾನು ಕಾಣ್ತೀನಿ ಅಂದಾಗ ಯಾಕೆ ಯಾರೂ ನಗ್ಲಿಲ್ಲ?"

ಕೇಳಿದವಳೇ ಅಪ್ಪನ ಕೈ ಹಿಡಿದು, "ಮಂದೆ ಜತೆ ಹೋಗಾಣ ನಡಿಯಪ್ಪ" ಎಂದಳು.